ಗೋಡೆಯಾಚೆಯ ಕೆಮ್ಮು

ನಮ್ಮ ಕರಾವಳಿಯಲ್ಲಿ ‘ನೆರೆಕರೆ’ ಎಂಬ ಮಾತಿಗೆ ತೂಕ ಹೆಚ್ಚು. ಮನೆಯಲ್ಲಿ ಮದುವೆ ನಿಶ್ಚಯವಾದರೆ ನೆಂಟರಿಗಿಂತ ಮೊದಲು ಅದು ತಿಳಿಯುವುದು ನೆರೆಕರೆಗೆ. ರೋಸಿನ ದಿನ ತೆಂಗಿನಕಾಯಿ ತುರಿಯಲು ಬಂದು ಕೂರುವುದು ನೆರೆಕರೆ. ಮರಣ ಸಂಭವಿಸಿದರೆ ಇಗರ್ಜಿಯ ಗಂಟೆ ಕೇಳಿಸುವ ಮುನ್ನವೇ ಅಂಗಳಕ್ಕೆ ಬೆಂಚು ಹೊತ್ತು ತರುವುದೂ ನೆರೆಕರೆಯೇ. ತಲೆಮಾರುಗಳಿಂದ ನಡೆದುಬಂದ ಈ ಸಂಬಂಧವು 2020ರ ಮಾರ್ಚ್ ತಿಂಗಳಲ್ಲಿ ಒಮ್ಮಿಂದೊಮ್ಮೆಲೇ ವಿಚಿತ್ರವಾದ ಪರೀಕ್ಷೆಗೆ ಒಳಗಾಯಿತು. ಆ ಕಾಲದ ಆಸ್ಪತ್ರೆ, ಆಮ್ಲಜನಕ, ಲಸಿಕೆಗಳ ಕುರಿತು ಬೇಕಾದಷ್ಟು ಬರೆದಾಗಿದೆ. ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುವವರು ಆ ದಿನಗಳಲ್ಲಿ ಒಬ್ಬರನ್ನೊಬ್ಬರು ಹೇಗೆ ಸಹಿಸಿದರು, ಎಲ್ಲಿ ಸಹಿಸಲಾರದೆ ಹೋದರು ಎಂಬುದು ಮಾತ್ರ ಜಗಲಿಯ ಹರಟೆಯಲ್ಲೇ ಉಳಿದುಬಿಟ್ಟಿದೆ. ಅದರಲ್ಲಿ ಕೆಲವನ್ನಾದರೂ ಇಲ್ಲಿ ಬರೆದಿಡೋಣವೆಂದು ಹೊರಟಿದ್ದೇವೆ.

ಓದುಗ ಬಂಧುಗಳಿಗೆ ದಿನಗಳ ಕ್ರಮ ನೆನಪಿರಬಹುದು. ಮಾರ್ಚ್ 22, ತಪಸ್ಸು ಕಾಲದ ನಾಲ್ಕನೆಯ ಭಾನುವಾರ. ಅಂದು ಜನತಾ ಕರ್ಫ್ಯೂ. ಸಂಜೆ 5 ಗಂಟೆಗೆ ಚಪ್ಪಾಳೆ, ತಟ್ಟೆಗಳ ಸದ್ದು. ದಕ್ಷಿಣ ಕನ್ನಡ ಜಿಲ್ಲೆಯ ಮೊದಲ ಸೋಂಕು ಪ್ರಕರಣ ದೃಢಪಟ್ಟದ್ದೂ ಅದೇ ದಿನ. 24ರ ರಾತ್ರಿ 8 ಗಂಟೆಗೆ ಪ್ರಧಾನಿಗಳು ದೂರದರ್ಶನದಲ್ಲಿ ಕಾಣಿಸಿಕೊಂಡು, ಮಧ್ಯರಾತ್ರಿಯಿಂದ 21 ದಿನ ದೇಶವೇ ಬಾಗಿಲು ಹಾಕಿಕೊಳ್ಳಬೇಕೆಂದರು. ನಡುವೆ ಸಿಕ್ಕಿದ್ದು ನಾಲ್ಕೇ ಗಂಟೆ. ಮರುದಿನ ಬೆಳಗಾದರೆ ನಮಗೆ ಮಂಗಳವಾರ್ತೆಯ ಹಬ್ಬ, ಪಕ್ಕದ ಮನೆಗೆ ಯುಗಾದಿ. ಎರಡೂ ಮನೆಗಳಲ್ಲಿ ಹಬ್ಬವಿರಲಿಲ್ಲ. ಮಾರ್ಚ್ 28ರಿಂದ ಮೂರು ದಿನ ನಮ್ಮ ಜಿಲ್ಲೆಯಲ್ಲಿ ದಿನಸಿ ಅಂಗಡಿಗಳೂ ಮುಚ್ಚಿದವು. 31ರಂದು ಬೆಳಿಗ್ಗೆ 6ರಿಂದ ಅಪರಾಹ್ನ 3ರ ತನಕ ತೆರೆದಾಗ ಮೂರು ದಿನ ಕಾಯ್ದುಕೊಂಡ ಅಂತರವೆಲ್ಲ ಅಂಗಡಿಗಳ ಬಾಗಿಲಲ್ಲಿ ಕರಗಿಹೋಯಿತು. ಆ ಮೇಲೆ ಮೇ 3ರ ತನಕ, ಮತ್ತೆ ಅದರಾಚೆಗೆ ಎಂದು ಅವಧಿ ಬೆಳೆಯುತ್ತಲೇ ಹೋಯಿತು.

ನಾವಿರುವುದು ಮಂಗಳೂರಿನ ಒಂದು ಅಡ್ಡರಸ್ತೆಯ ಓಣಿಯಲ್ಲಿ. ಒಂಬತ್ತು ಮನೆಗಳು; ಐದಕ್ಕೆ ಇನ್ನೂ ಹಂಚಿನ ಮಾಡು. ಕಥೊಲಿಕರ ಮನೆ ನಾಲ್ಕು. ಉಳಿದಂತೆ ಅಡಿಕೆ ವ್ಯಾಪಾರದ ಒಂದು ಬ್ಯಾರಿ ಕುಟುಂಬ, ನಿವೃತ್ತ ಮಾಸ್ಟ್ರು ಒಬ್ಬರು, ಸೊಸೈಟಿ ಬ್ಯಾಂಕಿನ ಗುಮಾಸ್ತರು, ಮತ್ತಿಬ್ಬರು. ಓಣಿಯ ತುದಿಯ ಎರಡಂತಸ್ತಿನ ಮನೆಯ ಮಹಡಿ ಬಾಡಿಗೆಗೆ. ಅದರ ಹಿಂದೆ ತಗಡಿನ ಮಾಡಿನ ಎರಡು ಕೋಣೆಗಳಿವೆ. ಅವನ್ನು ‘ಮನೆ’ ಎಂದು ಲೆಕ್ಕಕ್ಕೆ ಹಿಡಿಯುವ ಪದ್ಧತಿ ಓಣಿಯಲ್ಲಿ ಇರಲಿಲ್ಲ. ಆ ಕೋಣೆಗಳ ಮಾತು ಮುಂದೆ ಬರಲಿದೆ.

ಮೊದಲು ಸದ್ದಿನ ವಿಷಯ. ಹಗಲು ಹೊತ್ತು ಓಣಿಯ ಅರ್ಧ ಜನ ಕೆಲಸಕ್ಕೋ ಶಾಲೆಗೋ ಹೋಗಿರುತ್ತಾರೆಂಬ ಭರವಸೆಯ ಮೇಲೆ ನಮ್ಮ ಮನೆಗಳು ಕಟ್ಟಲ್ಪಟ್ಟಿವೆ. ಎಲ್ಲರೂ ದಿನವಿಡೀ ಮನೆಯಲ್ಲಿದ್ದಾಗ ಗೋಡೆ ಎಷ್ಟು ತೆಳುವೆಂದು ಗೊತ್ತಾಯಿತು. ಬೆಳಿಗ್ಗೆ 9ಕ್ಕೆ ಗುಮಾಸ್ತರ ಮನೆಯಲ್ಲಿ ರಾಮಾಯಣ. ದೂರದರ್ಶನವು ಮಾರ್ಚ್ 28ರಿಂದ ಹಳೆಯ ಧಾರಾವಾಹಿಯನ್ನು ಮತ್ತೆ ತೋರಿಸತೊಡಗಿತ್ತು, ರಾತ್ರಿ 9ಕ್ಕೆ ಮತ್ತೊಂದು ಕಂತು. ಇಗರ್ಜಿಗಳ ಬಾಗಿಲು ಭಕ್ತರಿಗೆ ಮುಚ್ಚಿದ್ದರಿಂದ ನಾಲ್ಕು ಕಥೊಲಿಕ ಮನೆಗಳಲ್ಲಿ ಬಲಿಪೂಜೆ ಮೊಬೈಲಿನಿಂದ ಬರುತ್ತಿತ್ತು: ಒಂದರಲ್ಲಿ ಕೊಂಕಣಿ, ಒಂದರಲ್ಲಿ ಇಂಗ್ಲಿಷ್, ಉಳಿದೆರಡರಲ್ಲಿ ಒಂದೇ ಪೂಜೆ. ಆದರೆ ಜಾಲದ ವೇಗ ಬೇರೆ ಬೇರೆಯಾದ್ದರಿಂದ ಮೊದಲ ಮನೆಯವರು ‘ಆಮೆನ್’ ಹೇಳಿ ಎದ್ದುನಿಂತ ಅರ್ಧ ನಿಮಿಷದ ಬಳಿಕ ಎರಡನೆಯ ಮನೆಯವರು ‘ಆಮೆನ್’ ಹೇಳುತ್ತಿದ್ದರು. ಸಂಜೆ ತೇರ್ಸಿನ ಹೊತ್ತು. ಆ ಹೊತ್ತಿಗೇ ಅಡಿಕೆ ವ್ಯಾಪಾರಿಗಳ ಮೊಮ್ಮಗ ತಗಡಿನ ಡಬ್ಬಕ್ಕೆ ಚೆಂಡು ಎಸೆಯುವ ಆಟ ಕಂಡುಹಿಡಿದಿದ್ದ. ಒಂದೊಂದು ರಹಸ್ಯಕ್ಕೆ ಅವನ ಹತ್ತು ಹನ್ನೆರಡು ಚೆಂಡುಗಳಾದರೂ ಬೀಳುತ್ತಿದ್ದವು.

ಯಾರಿಗಾದರೂ ಫೋನು ಮಾಡಿದರೆ ಗಂಟೆಗೆ ಬದಲು ಮೊದಲು ಕೇಳಿಸುತ್ತಿದ್ದುದು ಸರಕಾರದ ಎಚ್ಚರಿಕೆಯ ಕೆಮ್ಮು. ಅದು ಯಂತ್ರದ ಕೆಮ್ಮು. ನಿಜವಾದ ಕೆಮ್ಮು ಗೋಡೆಯಾಚೆ ಕೇಳಿಸಿದರೆ ನಮ್ಮ ಓಣಿಯಲ್ಲಿ ಮಾತು ನಿಲ್ಲುತ್ತಿತ್ತು. ಮಾಸ್ಟ್ರಿಗೆ ಮೂವತ್ತು ವರ್ಷಗಳಿಂದ ಉಬ್ಬಸ. ಅವರ ಕೆಮ್ಮಿಗೆ ಓಣಿ ಒಗ್ಗಿಹೋಗಿತ್ತು. ಮಕ್ಕಳು ಅದನ್ನು ಕೇಳಿ ಬೆಳಿಗ್ಗೆ 5 ಗಂಟೆಯಾಯಿತೆಂದು ತಿಳಿಯುತ್ತಿದ್ದರು. ಆ ಏಪ್ರಿಲಿನಲ್ಲಿ ಮಾಸ್ಟ್ರು ಕಿಟಕಿ ಮುಚ್ಚಿ, ತಲೆದಿಂಬಿಗೆ ಮುಖವೊತ್ತಿ ಕೆಮ್ಮತೊಡಗಿದರು. ಮೂವತ್ತು ವರ್ಷ ತೆರೆದಿದ್ದ ಕಿಟಕಿ ಅದು. ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ.

ನೀರಿನದು ಇನ್ನೊಂದು ತಕರಾರು. ನಮ್ಮಲ್ಲಿ ಮೂರು ಮನೆಗಳಿಗೆ ಒಂದೇ ಬಾವಿ, ಮೂರು ಪಂಪು. ಏಪ್ರಿಲ್ ಎಂದರೆ ಬಾವಿಯ ತಳ ಕಾಣುವ ಕಾಲ. ಹೊರಗಿನಿಂದ ಬಂದವರೆಲ್ಲ ಕೈಕಾಲು ತೊಳೆದು, ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ನೆನೆಹಾಕಿ, ತಂದ ತರಕಾರಿಯನ್ನೂ ತೊಳೆಯತೊಡಗಿದರೆ ಬಾವಿ ಏನು ಮಾಡೀತು? ಆ ವರ್ಷದ ಪವಿತ್ರ ಗುರುವಾರ ಇಗರ್ಜಿಗಳಲ್ಲಿ ಪಾದ ತೊಳೆಯುವ ವಿಧಿಯನ್ನು ಕೈಬಿಡಬೇಕೆಂದು ರೋಮಿನಿಂದಲೇ ಆದೇಶ ಬಂದಿತ್ತು. ಮನೆಗಳ ಅಂಗಳದಲ್ಲಾದರೋ ದಿನಕ್ಕೆ ಹತ್ತು ಸಲ ಪಾದ ತೊಳೆಯುವ ಕೆಲಸವೇ. ಮುಂಜಾನೆ ಒಬ್ಬರ ಪಂಪು ಸದ್ದು ಮಾಡಿದರೆ ಉಳಿದಿಬ್ಬರು ಓಡಿಬಂದು ತಮ್ಮದನ್ನೂ ಚಾಲೂ ಮಾಡುವರು; ಮೂರರಲ್ಲೂ ಗಾಳಿ ಬರುವುದು. ಕೊನೆಗೆ ಮಾಸ್ಟ್ರು ಹಾಜರಿ ಪುಸ್ತಕದ ಹಾಳೆಯಲ್ಲಿ ಗೆರೆ ಎಳೆದು ವೇಳಾಪಟ್ಟಿಯೊಂದನ್ನು ಬರೆದು ಪಂಪುಮನೆಯ ಬಾಗಿಲಿಗೆ ಅಂಟಿಸಿದರು. ತಮ್ಮ ಮನೆಗೆ ಮುಂಜಾನೆಯ ಮೊದಲ ಪಾಳಿಯನ್ನು ಇಟ್ಟುಕೊಂಡಿದ್ದರು. ಅದರ ಬಗ್ಗೆ ಬೇರೆಯೇ ಜಗಳವಾಯಿತು.

ಊಟದ ವಿಷಯದಲ್ಲಿ ಓಣಿ ಒಳ್ಳೆಯದಾಗಿ ನಡೆದುಕೊಂಡಿತೆಂದೇ ಹೇಳಬೇಕು. ದಕ್ಕೆ ಮುಚ್ಚಿತ್ತು, ಬೂತಾಯಿ, ಬಂಗುಡೆಯ ಹೆಸರೆತ್ತುವಂತಿರಲಿಲ್ಲ. ಪುಣ್ಯಕ್ಕೆ ಅದು ಹಲಸಿನ ಕಾಲ. ಗುಜ್ಜೆ ಪಲ್ಯ, ಸೊಳೆಯ ಹುಳಿ, ಬೀಜದ ಸಾರು ಎಂದು ಒಂದೇ ಮರ ಒಂಬತ್ತು ಮನೆಗಳನ್ನು ತಿಂಗಳುಗಟ್ಟಲೆ ಸಾಕಿತು. ಆ ಮರದ ಎಲೆ ತಮ್ಮ ಅಂಗಳಕ್ಕೆ ಬೀಳುವುದೆಂದು ಹತ್ತು ವರ್ಷ ದೂರುತ್ತಿದ್ದವರೂ ಹಣ್ಣಿನ ಪಾಲಿಗೆ ತಟ್ಟೆ ಹಿಡಿದರು. ಏಪ್ರಿಲ್ 12ರಂದು ಪಾಸ್ಖ ಹಬ್ಬ. ಕಳ್ಳು ಇಳಿಸುವವರಿಲ್ಲದೆ ಸಾನ್ನಗಳಿಗೆ ಈಸ್ಟ್ ಹಾಕಬೇಕಾಯಿತು. ಮಾಂಸದ ಮಾತಂತೂ ದೂರ. ಒಂದು ಮನೆಯ ಬಾಯಮ್ಮ ಆ ಸಪ್ಪೆ ಸಾನ್ನಗಳನ್ನೇ ತಟ್ಟೆಗೆ ಹಾಕಿ, ಗೋಡೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತು ಮಾಸ್ಟ್ರ ಪತ್ನಿಯನ್ನು ಕರೆದರು. ಎರಡೇ ದಿನಗಳಲ್ಲಿ, 14ಕ್ಕೆ, ತುಳುವರ ಬಿಸು. ಅದೇ ತಟ್ಟೆ ಪಾಯಸದ ಬಟ್ಟಲಿನೊಡನೆ ಗೋಡೆಯ ಮೇಲೆ ಮರಳಿ ಬಂತು. 24ರಿಂದ ರಂಜಾನ್ ಉಪವಾಸ. ಖರ್ಜೂರದ ಪೊಟ್ಟಣಗಳು ಅಲ್ಲೇ ಕಾಣಿಸಿದವು. ಕೆಲವೆಡೆ ವ್ಯಾಪಾರಿಯ ಹೆಸರು ಕೇಳಿ, ಅವನ ಧರ್ಮ ತಿಳಿದು ತರಕಾರಿ ಕೊಳ್ಳುವ ಅಥವಾ ಕೊಳ್ಳದಿರುವ ಕೆಟ್ಟ ಚಾಳಿ ತಲೆಯೆತ್ತಿದ್ದ ತಿಂಗಳದು. ಆ ಗೋಡೆಯ ಮೇಲಿನ ಖರ್ಜೂರಕ್ಕೆ ಅದರದೇ ಆದ ಬೆಲೆಯಿತ್ತು.

ಇಷ್ಟು ಮಾತ್ರವಾಗಿದ್ದರೆ ಇದನ್ನು ನಕ್ಕು ಮರೆಯಬಹುದಿತ್ತು. ನೆರೆಕರೆಗೆ ನಿಜವಾದ ಪೆಟ್ಟು ಬಿದ್ದದ್ದು ಸದ್ದಿನಿಂದಲ್ಲ, ನೀರಿನಿಂದಲೂ ಅಲ್ಲ, ಭಯದಿಂದ.

ಭಯಕ್ಕೆ ಸರಕಾರದ ಮೊಹರೂ ಇತ್ತು. ವಿದೇಶದಿಂದ ಬಂದವರ ಕೈಗೆ ಅಳಿಸದ ಶಾಯಿಯಲ್ಲಿ ಮುದ್ರೆ ಒತ್ತಲಾಯಿತು. ಪ್ರತ್ಯೇಕವಾಸದಲ್ಲಿದ್ದವರ ಮನೆ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರಕಾರವೇ ಬಹಿರಂಗಪಡಿಸಿತು. ಅದು ಕ್ಷಣದಲ್ಲಿ ಕೈಯಿಂದ ಕೈಗೆ ಹರಿಯಿತು. ಅಂಥವರು ಮನೆಯಲ್ಲೇ ಇರುವರೆಂದು ತೋರಿಸಲು ಬೆಳಿಗ್ಗೆಯಿಂದ ರಾತ್ರಿಯ ತನಕ ಗಂಟೆಗೊಂದು ಸ್ವಂತ ಭಾವಚಿತ್ರ ತೆಗೆದು ಕಳುಹಿಸಬೇಕಿತ್ತು. ಬಾಗಿಲಿಗೆ ಭಿತ್ತಿಪತ್ರ. ಮನೆಗಳ ಮುಂದೆ ಹೀಗೆ ಭಿತ್ತಿಪತ್ರ ಅಂಟಿಸುವ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟು ಹೇಳುವಷ್ಟರಲ್ಲಿ ಆ ವರ್ಷದ ಡಿಸೆಂಬರ್ ಬಂದಿತ್ತು. ಜುಲೈಯಲ್ಲಿ ಬೆಂಗಳೂರಿನ ದೊಮ್ಮಲೂರಿನಲ್ಲಿ ಎರಡು ಫ್ಲಾಟುಗಳ ಬಾಗಿಲಿಗೆ, ಒಳಗೆ ಜನರಿರುವಾಗಲೇ, ತಗಡು ಬಡಿದದ್ದನ್ನೂ ಓದುಗರು ಮರೆತಿರಲಾರರು; ನಗರ ಪಾಲಿಕೆಯ ಆಯುಕ್ತರು ಅದಕ್ಕೆ ಬಹಿರಂಗವಾಗಿ ಕ್ಷಮೆ ಕೋರಿದರು. ರೋಗಿಯನ್ನು ಗುರುತಿಸುವುದು ಬೇರೆ, ಗುರಿಮಾಡುವುದು ಬೇರೆ. ಆ ಗೆರೆ ಅಳಿಸಿಹೋಗಿತ್ತು.

ನಮ್ಮ ಧರ್ಮಪ್ರಾಂತ್ಯದ ನಡುವೆಯೇ ಒಂದು ಗೋಡೆ ಎದ್ದದ್ದನ್ನು ಇಲ್ಲಿ ನೆನೆಯಬೇಕು. ಕಾಸರಗೋಡು ಜಿಲ್ಲೆ ಕೇರಳಕ್ಕೆ ಸೇರಿದ್ದರೂ ಅಲ್ಲಿನ ಬೇಳ, ಕಯ್ಯಾರ್, ಮಂಜೇಶ್ವರ ಮೊದಲಾದ ಧರ್ಮಕೇಂದ್ರಗಳು ಮಂಗಳೂರು ಧರ್ಮಪ್ರಾಂತ್ಯದವು. ಹೆಣ್ಣು ಕೊಟ್ಟದ್ದು, ತಂದದ್ದು, ಹೆರಿಗೆಗೆ ಆಸ್ಪತ್ರೆ ಹುಡುಕಿದ್ದು ಎಲ್ಲವೂ ತಲಪಾಡಿಯ ಈಚೆ ಆಚೆ. ಆ ಮಾರ್ಚಿನ ಕೊನೆಯಲ್ಲಿ ಗಡಿಯ ರಸ್ತೆಗಳ ಮೇಲೆ ಮಣ್ಣು ಸುರಿಯಲಾಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳ ಆಂಬುಲೆನ್ಸುಗಳು ಹಿಂದೆ ತಿರುಗಿದವು. ಚಿಕಿತ್ಸೆ ಸಿಗದೆ ಹಲವರು ತೀರಿಕೊಂಡ ವರದಿಗಳು ಬಂದವು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, ರೋಗಿಗಳನ್ನು ಬಿಡುವ ಕ್ರಮವೊಂದು ಏಪ್ರಿಲಿನಲ್ಲಿ ನಿಗದಿಯಾಯಿತು. ಅಷ್ಟರೊಳಗೆ ಎಷ್ಟೋ ಮನೆಗಳಲ್ಲಿ ತಾಯಿ ಆಚೆ, ಮಗಳು ಈಚೆ. ನಮ್ಮ ಓಣಿಯ ಬಾಯಮ್ಮ ಒಬ್ಬರ ತವರು ಮಂಜೇಶ್ವರ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಣ್ಣನ ಅಂತ್ಯಕ್ರಿಯೆಯನ್ನು ಅವರು ಮೊಬೈಲಿನಲ್ಲಿ ನೋಡಿದರು.

ಸತ್ತವರ ಮೇಲೂ ಭಯ ಕರುಣೆ ತೋರಲಿಲ್ಲ. 2020ರ ಏಪ್ರಿಲ್ 19ರಂದು ಚೆನ್ನೈಯಲ್ಲಿ ಕೊರೊನಾದಿಂದ ಮೃತರಾದ ಕ್ರೈಸ್ತ ವೈದ್ಯರೊಬ್ಬರ ಶವವನ್ನು ಹೂಳಲು ಜನ ಬಿಡಲಿಲ್ಲ. ಆಂಬುಲೆನ್ಸಿಗೆ ಕಲ್ಲು ಹೊಡೆದರು. ಕೊನೆಗೆ ಸಹವೈದ್ಯರೊಬ್ಬರು ನಡುರಾತ್ರಿ ತಾವೇ ಸಲಿಕೆ ಹಿಡಿದು ಮಣ್ಣು ಮುಚ್ಚಬೇಕಾಯಿತು. ಅದನ್ನೋದಿ ‘ಅಲ್ಲಿಯ ಜನವೇ ಹಾಗೆ’ ಎಂದು ನಮ್ಮವರು ತಲೆಯಾಡಿಸಿದ್ದರು. ವಾರ ಕಳೆಯುವುದರೊಳಗೆ ಬಂಟ್ವಾಳದ ಮಹಿಳೆಯೊಬ್ಬರು ಮಂಗಳೂರಿನಲ್ಲಿ ಇದೇ ರೋಗದಿಂದ ತೀರಿಕೊಂಡಾಗ ಶವಸಂಸ್ಕಾರಕ್ಕೆ ನಗರದಲ್ಲಿ ಸ್ಥಳೀಯರ ವಿರೋಧ ಎದುರಾಯಿತು. ಒಂದು ಸ್ಮಶಾನದಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಬಂಟ್ವಾಳದಲ್ಲಿ ರಾತ್ರಿಯ ಹೊತ್ತು ಸಂಸ್ಕಾರ ನಡೆಯಿತು. ನೆರೆಕರೆಯ ಮೊದಲ ಕರ್ತವ್ಯ ಹೆಗಲು ಕೊಡುವುದು ಎಂದು ನಂಬಿದ ನಾಡಿನಲ್ಲಿ ಇದು ಸಂಭವಿಸಿತು.

ಇತಿಹಾಸದಲ್ಲಿ ಇದು ಹೊಸದೇನಲ್ಲ ಎನ್ನುವವರಿದ್ದಾರೆ. ಕ್ವಾರಂಟೈನ್ ಎಂಬ ಮಾತೇ ಇಟಲಿಯ ‘ನಲವತ್ತು’ ಎಂಬ ಸಂಖ್ಯೆಯಿಂದ ಬಂದುದು. 1377ರಲ್ಲಿ ರಗೂಸಾ ಎಂಬ ಬಂದರು ನಗರ ಹೊರಗಿನಿಂದ ಬಂದವರನ್ನು ಮೂವತ್ತು ದಿನ ದೂರವಿರಿಸಿತು. ಮುಂದೆ ಅದು ನಲವತ್ತಾಯಿತು, ನಮ್ಮ ತಪಸ್ಸು ಕಾಲದಷ್ಟೇ. 1576ರಲ್ಲಿ ಮಿಲಾನ್ ನಗರವನ್ನು ಪ್ಲೇಗ್ ಹೊಕ್ಕಾಗ ಅಲ್ಲಿ ಮಹಾಧರ್ಮಾಧ್ಯಕ್ಷರಾಗಿದ್ದವರು ಸಂತ ಚಾರ್ಲ್ಸ್ ಬೊರೊಮಿಯೊ. ಜನ ಮನೆಯಿಂದ ಹೊರಗೆ ಬರುವಂತಿರಲಿಲ್ಲ. ಸಂತರು ಬೀದಿಗಳ ಕೂಡುವೆಡೆಯಲ್ಲಿ ಪೀಠಗಳನ್ನು ಇರಿಸಿ, ಕಿಟಕಿಯಿಂದಲೇ ಬಲಿಪೂಜೆ ಕಾಣುವಂತೆ ಮಾಡಿದರು. ದಿನಕ್ಕೆ ಏಳು ಸಲ ಗಂಟೆ ಬಾರಿಸುವುದು. ಆಗ ಬೀದಿಯ ಎರಡೂ ಬದಿಯವರು ತಂತಮ್ಮ ಕಿಟಕಿಗಳಲ್ಲಿ ನಿಂತು ಒಬ್ಬರು ಹೇಳಿದ್ದಕ್ಕೆ ಒಬ್ಬರು ಉತ್ತರ ಕೊಡುತ್ತ ಪ್ರಾರ್ಥಿಸುವುದು. ಅಂದರೆ ಎದುರುಮನೆಯವನ ದನಿ ಕೇಳಿಸದೆ ಪ್ರಾರ್ಥನೆ ಪೂರ್ತಿಯಾಗದಂತೆ ಅವರು ಏರ್ಪಾಡು ಮಾಡಿದರು. ಮೊಬೈಲಿನ ಬಲಿಪೂಜೆಯಲ್ಲಿ ನಮಗೆ ತಪ್ಪಿಹೋದದ್ದು ಇದೇ ಎಂದು ನಮ್ಮ ಅನಿಸಿಕೆ. ನಮ್ಮಲ್ಲೂ ಪ್ಲೇಗಿನ ನೆನಪುಗಳಿಲ್ಲದಿಲ್ಲ. ಬೆಂದೂರು, ಪೆರ್ಮನ್ನೂರುಗಳ ಪಾಲಕರಾದ ಸಂತ ಸೆಬಾಸ್ಟಿಯನರನ್ನು ಹಿರಿಯರು ಸಾಂಕ್ರಾಮಿಕಗಳಿಂದ ಕಾಯುವವರೆಂದೇ ಬೇಡಿಕೊಂಡರು. 1880ರಲ್ಲಿ ಕಂಕನಾಡಿಯಲ್ಲಿ ಔಷಧ ಕೊಡಲಾರಂಭಿಸಿದ ಜೆಸ್ವಿತ್ ಗುರು ಫಾದರ್ ಮುಲ್ಲರ್, ಪ್ಲೇಗ್ ಬಂದಾಗ 1902ರಲ್ಲಿ ಅದಕ್ಕೆಂದೇ ಆಸ್ಪತ್ರೆ ತೆರೆದರು.

ಈಗ ಓಣಿಯ ತುದಿಯ ಮಹಡಿಗೆ ಬರೋಣ. ಅಲ್ಲಿ ಬಾಡಿಗೆಗಿದ್ದವಳು ಒಬ್ಬ ನರ್ಸ್. ವಯಸ್ಸು ಇಪ್ಪತ್ತಾರು ಇಪ್ಪತ್ತೇಳು ಇರಬಹುದು, ನಗರದ ಆಸ್ಪತ್ರೆಯೊಂದರಲ್ಲಿ ಕೆಲಸ. ಜೂನ್ ಕೊನೆಯಲ್ಲಿ ಆಕೆಯನ್ನು ಕೊರೊನಾ ವಾರ್ಡಿಗೆ ಹಾಕಿದರೆಂಬ ಸುದ್ದಿ ಹಾಲಿನವನ ಮೂಲಕ ಓಣಿಗೆ ತಲುಪಿತು. ಮರುದಿನದಿಂದ ಹಾಲಿನ ಪೊಟ್ಟಣ ಮಹಡಿ ಏರುವುದು ನಿಂತಿತು. ವಾರದೊಳಗೆ ಮನೆಯ ಮಾಲೀಕರಿಗೆ ಒಂದು ಕಾಗದ ಸಿದ್ಧವಾಯಿತು: ಓಣಿಯಲ್ಲಿ ವೃದ್ಧರೂ ಮಕ್ಕಳೂ ಇರುವುದರಿಂದ ಆ ಬಾಡಿಗೆದಾರರನ್ನು ತೆರವುಗೊಳಿಸಬೇಕು. ಆರು ಮನೆಗಳ ಸಹಿ ಬಿತ್ತು. ಆ ಆರರಲ್ಲಿ ಎರಡು ನಮ್ಮವರದು, ಪ್ರತಿ ಭಾನುವಾರ ಮೊಬೈಲಿನ ಮುಂದೆ ಮೊಣಕಾಲೂರುವವರದು. ಕಾಗದ ನಮ್ಮಲ್ಲಿಗೂ ಬಂದಿತ್ತು, ಸಹಿಯಿಲ್ಲದೆ ಮರಳಿತು. ಅದರಲ್ಲಿ ಶೌರ್ಯವೇನಿರಲಿಲ್ಲ, ನಮ್ಮ ಅಕ್ಕನ ಮಗಳೇ ಕುವೈಟಿನಲ್ಲಿ ನರ್ಸ್. ವೈದ್ಯಕೀಯ ಸಿಬ್ಬಂದಿಯ ಮೇಲೆ ಕೈಮಾಡಿದವರಿಗೆ ಏಳು ವರ್ಷಗಳ ತನಕ ಸೆರೆವಾಸ ವಿಧಿಸುವ ಸುಗ್ರೀವಾಜ್ಞೆಯನ್ನು ಕೇಂದ್ರ ಸರಕಾರ ಏಪ್ರಿಲ್ 22ರಂದೇ ತಂದಿತ್ತು. ಆದರೆ ವಿನಯದ ಭಾಷೆಯಲ್ಲಿ ಬರೆದ ಕಾಗದಕ್ಕೆ ಯಾವ ಕಾನೂನು?

ಕಾಗದವನ್ನು ಕೊನೆಗೆ ವಾರ್ಡಿನ ಗುರ್ಕಾರರ ಬಳಿಗೆ ಒಯ್ದರು. ಅವರು ಸಹಿ ಮಾಡಿದರೆ ಇಗರ್ಜಿಯ ಒಪ್ಪಿಗೆಯೂ ಇದ್ದಂತೆ ಎಂಬುದು ಎಣಿಕೆ. ಗುರ್ಕಾರರು ಹೆಚ್ಚು ಮಾತಿನವರಲ್ಲ. ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಓದಿ ನೋಡಿ, ಮಡಚಿ, ‘ನಾಳೆ ನನಗೆ ಬಂದರೆ ಚುಚ್ಚುಮದ್ದು ಕೊಡುವವರು ಯಾರು ಪೊರ್ಬುಗಳೇ, ನೀವೋ?’ ಎಂದು ಕೇಳಿ ಕಾಗದವನ್ನು ಹಿಂದಕ್ಕೆ ಕೊಟ್ಟರಂತೆ. ಮಾಲೀಕರು ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ದಿನ ತಳ್ಳಿದರು. ಹುಡುಗಿಯನ್ನು ಯಾರೂ ಹೊರಹಾಕಲಿಲ್ಲ. ಯಾರೂ ಮಾತನಾಡಿಸಲೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬರುವಾಗ ಆಕೆ ಓಣಿಯ ಬಾಯಿಯಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು, ಸದ್ದಾಗದಂತೆ. ಹಾಲನ್ನು ಕೆಲಸದಿಂದ ಬರುವಾಗ ತಾನೇ ತರುತ್ತಿದ್ದಳು. ಮುಂದಿನ ಜನವರಿಯಲ್ಲಿ ಆಕೆಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಿತು. ಹೋಗುವ ಮುನ್ನ ವಿದಾಯ ಹೇಳಲು ಬಂದದ್ದು ಮೂರು ಮನೆಗಳಿಗೆ ಮಾತ್ರ.

ವಾರ್ಡು ಎಂದೆವಲ್ಲ, ಆ ವ್ಯವಸ್ಥೆಯ ಬಗ್ಗೆ ಒಂದು ಮಾತು. ಧರ್ಮಕೇಂದ್ರವನ್ನು ವಾರ್ಡುಗಳಾಗಿ ಹಂಚಿ, ಒಂದೊಂದಕ್ಕೆ ಗುರ್ಕಾರರನ್ನಿಟ್ಟು, ಮನೆಮನೆಯ ಲೆಕ್ಕವಿಡುವ ನಮ್ಮ ಪದ್ಧತಿ ಆ ದಿನಗಳಲ್ಲಿ ಎಷ್ಟು ಉಪಯೋಗಕ್ಕೆ ಬಂತೆಂದರೆ, ಹಾಗೆ ಯಾವ ಕಚೇರಿಯ ಕಡತವೂ ಬಂದಿರಲಾರದು. ಯಾರ ಮನೆಯಲ್ಲಿ ಒಂಟಿ ಮುದುಕಿ, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ ಬೇಕು, ಯಾರ ಮಗ ದುಬೈಯಲ್ಲಿ ಕೆಲಸ ಕಳೆದುಕೊಂಡು ಮೇ 12ರ ಮೊದಲ ವಿಮಾನದಲ್ಲಿ ಬರಲಿದ್ದಾನೆ, ಎಲ್ಲವೂ ಗುರ್ಕಾರರ ನೋಟುಪುಸ್ತಕದಲ್ಲಿತ್ತು. ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಅದನ್ನು ನೋಡಿಯೇ ಅಕ್ಕಿ, ಬೇಳೆ, ಎಣ್ಣೆಯ ಚೀಲಗಳನ್ನು ಮುಟ್ಟಿಸಿದರು. ಮಸೀದಿಯವರದು ಅವರದೇ ಪಟ್ಟಿ, ಭಜನಾ ಮಂದಿರದವರದು ಅವರದೇ ಪಟ್ಟಿ. ಯಾರೂ ಕಡಿಮೆ ಕೆಲಸ ಮಾಡಲಿಲ್ಲ. ಆದರೆ ಯಾವ ಪಟ್ಟಿಯಲ್ಲೂ ಇಲ್ಲದ ಜನ ಇದ್ದರು.

ಮಹಡಿ ಮನೆಯ ಹಿಂದಿನ ತಗಡಿನ ಕೋಣೆಯಲ್ಲಿ ಬಾಗಲಕೋಟೆ ಕಡೆಯ ನಾಲ್ವರ ಕುಟುಂಬವೊಂದಿತ್ತು. ಗಂಡ ಹೆಂಡತಿ ಇಬ್ಬರೂ ಕಟ್ಟಡದ ಕೂಲಿಗಳು. ಪಡಿತರ ಚೀಟಿ ಊರಿನಲ್ಲಿ. ಅವರು ಪಾತ್ರೆ ತೊಳೆದ ನೀರು ಹರಿದು ಬರುವುದು ಪಕ್ಕದ ಬಾಯಮ್ಮನ ತೆಂಗಿನ ಬುಡದ ತೋಡಿಗೆ. ಅದೊಂದು ಹಳೆಯ ವ್ಯಾಜ್ಯ. ವಾರಕ್ಕೊಮ್ಮೆಯಾದರೂ ಬಾಯಮ್ಮನ ದನಿ ಓಣಿಯ ಈ ತುದಿಗೆ ಕೇಳಿಸುತ್ತಿತ್ತು. ಅಂಗಡಿಗಳೆಲ್ಲ ಮುಚ್ಚಿದ್ದ ಆ ಮೂರು ದಿನಗಳಲ್ಲಿ, ಎರಡನೆಯ ದಿನ ಸಂಜೆ, ಬಾಯಮ್ಮ ತೋಡಿನ ಬಳಿ ನಿಂತು ನೋಡಿದರು. ತೋಡು ಒಣಗಿತ್ತು. ಅಕ್ಕಿ ತೊಳೆದ ಬಿಳಿ ನೀರು ಬೆಳಿಗ್ಗೆಯೂ ಬಂದಿರಲಿಲ್ಲ, ಸಂಜೆಯೂ ಬಂದಿಲ್ಲ. ಗೋಡೆಯ ಮೇಲಿಂದ ‘ಏನು, ಇವತ್ತು ಅಡುಗೆ ಇಲ್ಲವಾ?’ ಎಂದು ಯಾವಾಗಿನ ಜಗಳದ ದನಿಯಲ್ಲೇ ಕೇಳಿದರು. ಒಳಗಿನಿಂದ ಉತ್ತರ ಬರಲಿಲ್ಲ. ಮಗುವೊಂದು ಬಾಗಿಲಿಗೆ ಬಂದು ನಿಂತಿತು. ಬಾಯಮ್ಮ ಮನೆಯ ಕುಚ್ಚಲಕ್ಕಿಯಲ್ಲಿ ಮೂರು ಸೇರು ಅಳೆದು ಕೊಟ್ಟರು. ಆ ರಾತ್ರಿಯೇ ಗುರ್ಕಾರರಿಗೆ ಫೋನು ಹೋಯಿತು. ಪುಸ್ತಕದ ಕೊನೆಯ ಪುಟದಲ್ಲಿ, ವಾರ್ಡಿನ ಯಾವ ಕುಟುಂಬದ ಸಂಖ್ಯೆಯೂ ಇಲ್ಲದೆ, ‘ತಗಡಿನ ಕೋಣೆ, 4 ಜನ’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡರು. ಆ ಪುಟವನ್ನು ನಾವು ನೋಡಿದ್ದೇವೆ. ಏಪ್ರಿಲ್ ಮುಗಿಯುವ ವೇಳೆಗೆ ಅಂಥ ಹನ್ನೊಂದು ಹೆಸರಿಲ್ಲದ ಸಾಲುಗಳು ಅಲ್ಲಿದ್ದವು: ಮೂಲೆ ಗ್ಯಾರೇಜಿನ ಬಿಹಾರದ ಹುಡುಗರು, ಬಸ್ಸಿಲ್ಲದೆ ಉಳಿದ ಬಳೆ ವ್ಯಾಪಾರಿ, ಹೀಗೆ.

ಕೊಳಚೆ ನೀರಿನ ಜಗಳವಿಲ್ಲದ ಅಪಾರ್ಟ್‌ಮೆಂಟುಗಳಲ್ಲಿ ಇಂಥದ್ದು ಯಾರ ಗಮನಕ್ಕೆ ಬರುತ್ತಿತ್ತೋ ನಾವು ಹೇಳಲಾರೆವು. ಅಲ್ಲಿ ಒಬ್ಬರ ನೀರು ಒಬ್ಬರಿಗೆ ಕಾಣಿಸದಂತೆ ಕೊಳವೆಗಳಿವೆ.

ಮಾರ್ಚ್ 27ರಂದು ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಗೆ, ಮಳೆ ಸುರಿಯುತ್ತಿದ್ದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸರು ಒಬ್ಬರೇ ನಡೆದುಹೋದ ದೃಶ್ಯವನ್ನು ಓಣಿಯ ನಾಲ್ಕೂ ಕಥೊಲಿಕ ಮನೆಗಳು ಎಚ್ಚರವಿದ್ದು ನೋಡಿದವು. ಬಿರುಗಾಳಿಗೆ ಸಿಕ್ಕ ದೋಣಿಯ ಶುಭಸಂದೇಶ ಪಠಣವನ್ನು ಆಧರಿಸಿ ಅವರು ಪ್ರಬೋಧನೆ ಮಾಡಿದರು. 2025ರ ಏಪ್ರಿಲಿನಲ್ಲಿ ಅವರು ದೈವಾಧೀನರಾದಾಗ ಹೆಚ್ಚಿನವರ ನೆನಪಿಗೆ ಬಂದದ್ದೂ ಆ ಒಂಟಿ ನಡಿಗೆಯೇ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಅದೇ ವರ್ಷ ಅಕ್ಟೋಬರ್ 3ರಂದು ಅಸಿಸಿಯಲ್ಲಿ ಅವರು ಸಹಿ ಮಾಡಿದ ‘ಫ್ರತೆಲ್ಲಿ ತುತ್ತಿ’ ವಿಶ್ವಪತ್ರ. ಅದರ ಒಂದು ಇಡೀ ಅಧ್ಯಾಯ ಸಮಾರಿಯದವನ ದೃಷ್ಟಾಂತಕ್ಕೆ ಮೀಸಲು. ನನ್ನ ನೆರೆಯವನು ಯಾರು ಎಂಬ ಪ್ರಶ್ನೆ ಆ ಕಥೆಯಲ್ಲಿ ಬರುವುದು ಧರ್ಮಶಾಸ್ತ್ರ ಬಲ್ಲ ಪಂಡಿತನ ಬಾಯಿಂದ ಎಂಬುದನ್ನು ಗಮನಿಸಬೇಕು. ಪಂಡಿತನ ಬಳಿಯೂ ಒಂದು ಪಟ್ಟಿ ಇದ್ದಿರಬೇಕು.

ಮರುವರ್ಷದ ಎರಡನೆಯ ಅಲೆಯ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ. 2021ರ ಏಪ್ರಿಲ್ ಕೊನೆಯಿಂದ ಮತ್ತೆ ಬಾಗಿಲುಗಳು ಮುಚ್ಚಿದವು. ಅಂತ್ಯಕ್ರಿಯೆಗೆ ಐವರೇ ಎಂಬ ನಿಯಮ ಬಂತು. ಈ ಸಲ ರೋಗ ಪಟ್ಟಿಯಲ್ಲಿರಲಿಲ್ಲ, ಮನೆಗಳೊಳಗೇ ಇತ್ತು. ಮಾಸ್ಟ್ರು ಮೇ ತಿಂಗಳಲ್ಲಿ ಹೋದರು. ಉಬ್ಬಸದಿಂದಲ್ಲ, ಅದೇ ರೋಗದಿಂದ. ಅವರ ಕಿಟಕಿಯ ಕೆಳಗೆ ಓಣಿಯವರೆಲ್ಲ ತಂತಮ್ಮ ಗೇಟಿನೊಳಗೆ ನಿಂತಿದ್ದರು. ವಾಹನ ಓಣಿಯ ತನಕ ಬರಲಿಲ್ಲ. ಅದೇ ವಾರ, ಹಿಂದಿನ ವರ್ಷ ಆ ಕಾಗದಕ್ಕೆ ಮೊದಲ ಸಹಿ ಹಾಕಿದ್ದ ಮನೆಯಲ್ಲಿ ತಂದೆಗೂ ಮಗನಿಗೂ ಜ್ವರ. ಬೆರಳಿಗೆ ಸಿಕ್ಕಿಸುವ ಯಂತ್ರ 91 ತೋರಿಸುತ್ತಿತ್ತು. ಆಸ್ಪತ್ರೆಗೆ ಓಡಬೇಕೋ ಕಾಯಬೇಕೋ ಹೇಳುವವರಿಲ್ಲ. ವೈದ್ಯರ ಫೋನು ಯಾವಾಗಲೂ ಕಾರ್ಯನಿರತ. ರಾತ್ರಿ ಹನ್ನೊಂದರ ಹೊತ್ತಿಗೆ ಆ ಮನೆಯ ಬಾಯಮ್ಮ ನಮ್ಮಿಂದ ಒಂದು ಸಂಖ್ಯೆ ಕೇಳಿ ಪಡೆದು ಐರ್ಲೆಂಡಿಗೆ ಕರೆ ಮಾಡಿದರು. ಹುಡುಗಿ ಫೋನು ಎತ್ತಿದಳು. ಕವುಚಿ ಮಲಗಿಸಲು ಹೇಳಿ, ಬೆಳಗಿನ ತನಕ ಕಾಯಬೇಡಿ, ಈಗಲೇ ಹೊರಡಿ ಎಂದಳು. ಯಾವ ಆಸ್ಪತ್ರೆಯಲ್ಲಿ ಯಾರನ್ನು ಕೇಳಬೇಕೆಂದೂ ತಿಳಿಸಿದಳು. ತಂದೆ ಮಗ ಇಬ್ಬರೂ ಉಳಿದರು. ಕಾಗದದ ಮಾತನ್ನು ಅಂದು ಈಕೆ ಎತ್ತಲಿಲ್ಲ, ಆಕೆಯೂ ಎತ್ತಲಿಲ್ಲ. ಇಂದಿಗೂ ಎತ್ತಿಲ್ಲವೆಂದು ಕೇಳಿದ್ದೇವೆ.

ತಗಡಿನ ಕೋಣೆಯ ಕುಟುಂಬ 2020ರ ಮೇ ತಿಂಗಳಲ್ಲಿ ಬಸ್ಸು ಬಿಟ್ಟ ಕೂಡಲೇ ಊರಿಗೆ ಹೋಯಿತು. ಮಳೆಗಾಲ ಕಳೆದ ಮೇಲೆ ಮರಳಿ ಬಂತು. ಈಗ ಅವರ ಹಿರಿಯ ಹುಡುಗ ಓಣಿಯ ಮಕ್ಕಳ ಜೊತೆಯೇ ಶಾಲೆಗೆ ಹೋಗುತ್ತಾನೆ, ತುಳುವಿನಲ್ಲಿ ಜಗಳವಾಡುತ್ತಾನೆ. ತೋಡಿನ ವ್ಯಾಜ್ಯ ಇತ್ಯರ್ಥವಾಗಿಲ್ಲ; ನೀರು ಇನ್ನೂ ಬಾಯಮ್ಮನ ತೆಂಗಿನ ಬುಡಕ್ಕೇ ಹೋಗುತ್ತದೆ, ಬಾಯಮ್ಮ ಇನ್ನೂ ಕೂಗುತ್ತಾರೆ. ಗುರ್ಕಾರರು ಬದಲಾದರು. ಹೊಸಬರಿಗೆ ಹಳೆಯ ಪುಸ್ತಕವನ್ನು ಕೊಟ್ಟಾಗ ಕೊನೆಯ ಪುಟವನ್ನೂ ತೋರಿಸಿದರೋ ಇಲ್ಲವೋ, ವಿಚಾರಿಸಬೇಕು.

ಮಾಸ್ಟ್ರ ವೇಳಾಪಟ್ಟಿ ಪಂಪುಮನೆಯ ಬಾಗಿಲಲ್ಲಿ ಹಾಗೆಯೇ ಇದೆ. ಶಾಯಿ ಮಾಸಿದ್ದರಿಂದ ಹೋದ ಬೇಸಗೆಯಲ್ಲಿ ಯಾರೋ ಅದರ ಮೇಲೆಯೇ ಮತ್ತೆ ತಿದ್ದಿ ಬರೆದಿದ್ದಾರೆ. ಮುಂಜಾನೆಯ ಮೊದಲ ಪಾಳಿ ಈಗಲೂ ಅವರ ಮನೆಗೇ. ಅದು ಸರಿಯಲ್ಲವೆಂದು ಗುಮಾಸ್ತರು ಮೊನ್ನೆಯೂ ಹೇಳುತ್ತಿದ್ದರು.